ಗುರಿ ಬರೆಸಿದ್ದು ಸಾಕು, ಉದ್ರಿ ಬರೆಸಿ

ಇವತ್ತು ಸ್ವಲ್ಪ ಜಗಳಕ್ಕೇ ಕೂತಿದ್ದೀನಿ. ಶಾಂತಿಪ್ರಿಯರು ಈಗಲೇ ಪಕ್ಕದ ಬ್ಲಾಗಿಗೆ ಹೋಗಬಹುದು, ಬೇಜಾರಿಲ್ಲ.

ಸಣ್ಣ ವ್ಯಾಪಾರಿಗಳಿಗೆ 'ಗುರಿ ಹಾಕಿಕೊಳ್ಳೋದು ಹೇಗೆ, ಮುಟ್ಟೋದು ಹೇಗೆ' ಅಂತ ಕಲಿಸುವ ಶಿಬಿರಗಳು ಬೆಂಗಳೂರು, ಹುಬ್ಬಳ್ಳಿ ದಾಟಿ ನಮ್ಮ ಬೀದರ ಜಿಲ್ಲೆಗೂ ಬಂದಿವೆ. ಹುಮನಾಬಾದಿನಲ್ಲಿ ಹೆದ್ದಾರಿ ಬದಿಯ ಹೋಟೆಲಿನ ಹಾಲು, ಬಸವಕಲ್ಯಾಣದಲ್ಲಿ ಯಾವುದೋ ಕಲ್ಯಾಣ ಮಂಟಪ. ಮುಂಜಾನೆ ಉಪ್ಪಿಟ್ಟು-ಚಹಾ. ಕೋಟು ಹಾಕಿದವರೊಬ್ಬರು, ಕಾಲರಿಗೆ ಮೈಕು, ಪರದೆಯ ಮೇಲೆ ಬೆಟ್ಟದ ತುದಿಯಲ್ಲಿ ಬಾವುಟ ನೆಟ್ಟ ಮನುಷ್ಯನ ಚಿತ್ರ. ಕೊನೆಗೆ ಎಲ್ಲರ ಕೈಗೂ ಒಂದು ಕಾರ್ಡು. ಅದರಲ್ಲಿ ಮೂರು ಗೆರೆ: ಈ ವರ್ಷದ ಟರ್ನೋವರ್ ಎಷ್ಟು, ಬರುವ ವರ್ಷ ಎಷ್ಟು, ಐದು ವರ್ಷಕ್ಕೆ ಎಷ್ಟು. ಅದನ್ನು ತುಂಬಿ, ಸಹಿ ಹಾಕಿ, ಗಲ್ಲಾದ ಮೇಲೆ ಅಂಟಿಸಿಕೊಳ್ಳಬೇಕು. ದಿನಾ ಊದಿನಕಡ್ಡಿ ಹಚ್ಚುವಾಗ ಒಂದು ಸಲ ಓದಬೇಕು. (ನಗಬೇಡಿ, ಅಂಟಿಸಿಕೊಂಡವರ ಅಂಗಡಿ ತೋರಿಸ್ತೀನಿ ಬನ್ನಿ.)

ಯೋಜನೆ ಬೇಡ ಅನ್ನೋದು ನನ್ನ ವಾದವಲ್ಲ. ಯೋಜನೆ ಬೇಕು, ಅದೂ ಸಣ್ಣವನಿಗೇ ಹೆಚ್ಚು ಬೇಕು. ದೊಡ್ಡವನು ಒಂದು ವರ್ಷ ತಪ್ಪಿದರೆ ಬ್ಯಾಂಕು ಕಾಯುತ್ತೆ, ಸಣ್ಣವನು ಒಂದು ತಿಂಗಳು ತಪ್ಪಿದರೆ ಮನೆಯ ಬಂಗಾರ ಗಿರವಿಗೆ ಹೋಗುತ್ತೆ. ನಾನು ಹೇಳೋದು ಇಷ್ಟು: ಬೀದರ ಜಿಲ್ಲೆಯಂಥ ಕಡೆ ಟರ್ನೋವರನ್ನು ಗುರಿ ಮಾಡಿಕೊಂಡ ಸಣ್ಣ ಅಂಗಡಿಯನ್ನು ಮುಳುಗಿಸುವುದು ಬಹಳ ಸಲ ಆ ಗುರಿಯೇ. ಆ ಕಾರ್ಡಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು.

ಮೊದಲು ಆ ಕೋಟಿನವರು ಹೇಳುವ ಕಥೆಯೊಂದನ್ನು ಮುಗಿಸಿಬಿಡೋಣ. ನೀವೂ ಕೇಳಿರ್ತೀರಿ. 1953ರಲ್ಲಿ ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ ಹುಡುಗರನ್ನು ಕೇಳಿದರಂತೆ, ಯಾರ್ಯಾರು ತಮ್ಮ ಗುರಿಯನ್ನು ಬರೆದಿಟ್ಟುಕೊಂಡಿದ್ದೀರಿ ಅಂತ. ನೂರಕ್ಕೆ 3 ಜನ ಕೈ ಎತ್ತಿದರಂತೆ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಆ ಮೂವರ ಆಸ್ತಿ ಉಳಿದ 97 ಜನರ ಒಟ್ಟು ಆಸ್ತಿಗಿಂತ ಜಾಸ್ತಿ ಇತ್ತಂತೆ! ಕೆಲವರು ಯೇಲ್ ಬದಲು ಹಾರ್ವರ್ಡ್ ಅಂತಾರೆ, ವರ್ಷವನ್ನೂ ಬದಲಿಸ್ತಾರೆ. ಸಂಗತಿ ಏನಂದ್ರೆ, ಇಂಥ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ ಫಾಸ್ಟ್ ಕಂಪನಿ ಅನ್ನೋ ಪತ್ರಿಕೆ ಇದರ ಮೂಲ ಹುಡುಕಿಕೊಂಡು ಹೋಯಿತು. ಭಾಷಣಕಾರರು ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಿದರು, ಯೇಲ್‌ನಲ್ಲಿ ಯಾರಿಗೂ ಅದರ ಸುಳಿವಿರಲಿಲ್ಲ. ಅದಾಗಿ ಇಷ್ಟು ವರ್ಷವಾದರೂ ಕಥೆ ಸತ್ತಿಲ್ಲ, ಮುಂಬೈ-ಹೈದರಾಬಾದ್ ಹೆದ್ದಾರಿ ಹಿಡಿದು ಹುಮನಾಬಾದಿಗೂ ಬಂದು ಇಳಿದಿದೆ.

ಆಮೇಲೆ 'ಸ್ಮಾರ್ಟ್' ಗುರಿ. ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಗಡುವು ಇರಬೇಕು ಇತ್ಯಾದಿ ಐದು ಅಕ್ಷರ. ಇದು ಸುಳ್ಳಲ್ಲ. 1981ರ ನವೆಂಬರಿನಲ್ಲಿ ಜಾರ್ಜ್ ಡೋರನ್ ಅನ್ನೋರು ಒಂದು ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನ ಅದರ ಮೂಲ. ಆದರೆ ಅದು ಯಾರಿಗೆ ಬರೆದದ್ದು? ಕಂಪನಿಗಳ ಮ್ಯಾನೇಜರುಗಳಿಗೆ. ಗುರಿ ತಪ್ಪಿದರೂ ಒಂದನೇ ತಾರೀಖು ಸಂಬಳ ಬರುವವರಿಗೆ. ಪ್ರತಿ ಗುರಿಗೂ ಐದೂ ಲಕ್ಷಣ ಇರಲೇಬೇಕಿಲ್ಲ ಅಂತ ಡೋರನ್ನರೇ ಅಲ್ಲಿ ಹೇಳಿದ್ದಾರೆ. ಆ ಸಾಲು ಮಾತ್ರ ಯಾವ ಪರದೆಯ ಮೇಲೂ ಬರಲ್ಲ.

ಗುರಿ ಇಟ್ಟುಕೊಂಡರೆ ಕೆಲಸ ಚುರುಕಾಗುತ್ತೆ ಅನ್ನೋದಕ್ಕೆ ಗಟ್ಟಿ ಸಂಶೋಧನೆಯೂ ಇದೆ, ಇಲ್ಲ ಅನ್ನೋದು ಅನ್ಯಾಯ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅನ್ನೋ ಇಬ್ಬರು ದಶಕಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ಆದರೆ ಅವರ ಲೆಕ್ಕ ಚೆನ್ನಾಗಿ ನಿಲ್ಲುವುದು ಕೆಲಸ ನಮ್ಮ ಕೈಯಳತೆಯಲ್ಲಿ ಇದ್ದಾಗ. ದಿನಕ್ಕೆ ಎಷ್ಟು ಅಂಗಿ ಹೊಲಿಯುವುದು ಅನ್ನೋದು ಟೇಲರನ ಕೈಯಲ್ಲಿದೆ. ಎಷ್ಟು ಜನ ಅಂಗಿ ಹೊಲಿಸಲು ಬರ್ತಾರೆ ಅನ್ನೋದು ಅವನ ಕೈಯಲ್ಲಿದೆಯಾ?

ನಮ್ಮ ಊರುಗಳಲ್ಲಿ ಗಿರಾಕಿಯ ರೊಕ್ಕ ಎಲ್ಲಿಂದ ಬರುತ್ತೆ ಅಂತ ಒಂದು ಸಲ ನೋಡಿ. ಹುಮನಾಬಾದ್ ಹೆದ್ದಾರಿಗಳು ಕೂಡುವ ಊರು, ಒಂದು ಪುಣೆ-ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗೋದು, ಇನ್ನೊಂದು ಬೀದರದಿಂದ ಕಲಬುರಗಿ ಕಡೆಗೆ. ಬಸವಕಲ್ಯಾಣ ಅದೇ ಸೊಲ್ಲಾಪುರ ರಸ್ತೆಯಲ್ಲಿ ಸಸ್ತಾಪುರ ಬಂಗ್ಲಾದ ಹತ್ತಿರ ಒಳಗೆ ತಿರುಗಿದರೆ ಸಿಗುವ ಊರು. ರಸ್ತೆಯ ಮೇಲೆ ಓಡುವ ರೊಕ್ಕ ಒಂದಿಷ್ಟು ಇದೆ: ಢಾಬಾ, ಪಂಕ್ಚರ್, ಲಾರಿ ರಿಪೇರಿ, ಬಾಡಿ ಕೆಲಸ. ಉಳಿದ ಕಿರಾಣಿ, ಬಟ್ಟೆ, ಪೈಪು, ಪೇಂಟು, ಬಂಗಾರ, ಟೆಂಟ್-ಮಂಟಪ ಎಲ್ಲದರ ರೊಕ್ಕ ಹೊಲದಿಂದ ಬರಬೇಕು. ಜೂನಿನಲ್ಲಿ ಬಿತ್ತನೆ. ಬೀಜ, ಗೊಬ್ಬರ, ಮಕ್ಕಳ ಶಾಲೆ ಫೀಜು ಎಲ್ಲ ಆಗಲೇ. ಜೂನ್-ಜುಲೈ ಹಳ್ಳಿಯ ಜೇಬು ಪೂರಾ ಖಾಲಿ. ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ ಹೆಸರು-ಉದ್ದು ಬರುತ್ತೆ, ಅಷ್ಟು ಹೊತ್ತಿಗೆ ಸ್ವಲ್ಪ ಉಸಿರು. ಅಕ್ಟೋಬರಿಗೆ ಸೋಯಾ, ನಮ್ಮ ದೊಡ್ಡ ರೊಕ್ಕ ಅದೇ. ಡಿಸೆಂಬರ್-ಜನವರಿಗೆ ತೊಗರಿ, ಫೆಬ್ರವರಿ-ಮಾರ್ಚಿಗೆ ಕಡಲೆ. ಕಬ್ಬು ನವೆಂಬರಿನಿಂದ ಕಾರ್ಖಾನೆಗೆ ಹೋಗುತ್ತೆ, ಅದರ ಬಿಲ್ಲು ಯಾವಾಗ ಅನ್ನೋದು ಬೇರೆ ಪುರಾಣ. ಅದಕ್ಕೆ ಆಮೇಲೆ ಬರ್ತೀನಿ.

ಇದರ ಮೇಲೆ ಹಬ್ಬ-ಜಾತ್ರೆಗಳ ಇನ್ನೊಂದು ಪಂಚಾಂಗ. ಡಿಸೆಂಬರಿಗೆ ಮಾಣಿಕನಗರದ ದತ್ತ ಜಯಂತಿ, ಜನವರಿಗೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ. ಬಸವಕಲ್ಯಾಣದ ಬಟ್ಟೆ, ಚಪ್ಪಲಿ, ಶಾವಿಗೆ-ಖರ್ಜೂರದ ಅಂಗಡಿಗೆ ಅದೇ ವರ್ಷದ ದೊಡ್ಡ ಸೀಜನ್ನು. 2024ರಲ್ಲಿ ಈದ್ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ. ಅಂದರೆ 2025ರ ಏಪ್ರಿಲನ್ನು 2024ರ ಏಪ್ರಿಲಿಗೆ ಹೋಲಿಸಿದ ಅಂಗಡಿಯವನಿಗೆ ವ್ಯಾಪಾರ ನೆಲ ಕಚ್ಚಿದೆ ಅಂತ ಕಾಣಿಸುತ್ತೆ, ಮಾರ್ಚನ್ನು ಹೋಲಿಸಿದವನಿಗೆ ತಾನು ಅಂಬಾನಿ ಅನ್ನಿಸುತ್ತೆ. ಎರಡೂ ಸುಳ್ಳು. ಅಧಿಕ ಮಾಸ ಬಂದ ವರ್ಷವಂತೂ ಇನ್ನೂ ಮಜಾ. 2026ರ ಅಧಿಕ ಜ್ಯೇಷ್ಠ ಬೀಳೋದು ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ, ಸರಿಯಾಗಿ ಮದುವೆ ಸೀಜನ್ನಿನ ಬಾಲದಲ್ಲಿ. ಟೆಂಟಿನವನಿಗೆ, ಬ್ಯಾಂಡಿನವನಿಗೆ, ಅಡಿಗೆಯವನಿಗೆ ಒಂದು ತಿಂಗಳು ಗೋತಾ. ಅದೇ ತಿಂಗಳು ಮರಾಠಿ ಮಾತಾಡುವ ಮನೆಗಳಲ್ಲಿ ಅಳಿಯನನ್ನು ಕರೆದು ಬಟ್ಟೆ-ಉಡುಗೊರೆ ಕೊಡುವ ರಿವಾಜಿದೆ, ಆದ್ದರಿಂದ ಬಟ್ಟೆ ಅಂಗಡಿಯವನಿಗೆ, ಬೆಳ್ಳಿ ಅಂಗಡಿಯವನಿಗೆ ಅದು ಬೋನಸ್ಸು. ಒಂದೇ ಓಣಿ, ಎದುರು-ಬದುರು ಅಂಗಡಿ, ಒಬ್ಬನಿಗೆ ಬರ, ಒಬ್ಬನಿಗೆ ಸುಗ್ಗಿ. ಇದನ್ನೆಲ್ಲ 'ತಿಂಗಳಿಗೆ ಶೇಕಡಾ 10 ಬೆಳವಣಿಗೆ' ಅನ್ನೋ ಖಾನೆಯಲ್ಲಿ ಹೇಗೆ ತುಂಬ್ತೀರಿ ಸ್ವಾಮಿ?

ಮಳೆಯ ಮಾತಂತೂ ಬೇಡ. 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿದ್ದ ಮಳೆಗೆ ಬೀದರ, ಕಲಬುರಗಿ ಕಡೆ ನಿಂತ ಬೆಳೆ ನೀರಲ್ಲಿ ಕೊಳೆಯಿತು. ಅದೇ ಹೊತ್ತಿಗೆ ಜಿಎಸ್‌ಟಿ ಇಳಿಯುತ್ತೆ ಅಂತ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಣೆಯಾಯಿತು, ಇಳಿದದ್ದು ಸೆಪ್ಟೆಂಬರ್ 22ಕ್ಕೆ. ನಡುವಿನ ಐದು ವಾರ ಟಿವಿ, ಬೈಕು ಕೊಳ್ಳುವವರೆಲ್ಲ ಕೈಕಟ್ಟಿ ಕೂತರು. ಇಳಿಸಿದ್ದು ಒಳ್ಳೆಯದೇ. ಆದರೆ ಗಲ್ಲಾಕ್ಕೆ ಕಾರ್ಡು ಅಂಟಿಸಿಕೊಂಡವನು ಆ ಐದು ವಾರ ದಿನಾ ಮುಂಜಾನೆ ಏನು ಓದಿದ? ತನ್ನ ಆಲಸ್ಯದಿಂದಲೇ ಗುರಿ ತಪ್ಪುತ್ತಿದೆ ಅಂತ ಓದಿದ. ಯಾಕಂದ್ರೆ ಶಿಬಿರದಲ್ಲಿ ಹೇಳಿಕೊಟ್ಟದ್ದು ಅದನ್ನೇ. ಗುರಿ ತಪ್ಪಿದರೆ ಅದಕ್ಕೆ ಕಾರಣ ನಿನ್ನ 'ಮೈಂಡ್‌ಸೆಟ್' ಅಂತೆ.

ಈಗ ಅಸಲಿ ವಿಷಕ್ಕೆ ಬರೋಣ. ಗುರಿ ಮುಟ್ಟಲೇಬೇಕು ಅಂತ ಹಟ ಹಿಡಿದ ಅಂಗಡಿಯವನ ಹತ್ತಿರ ಒಂದು ಸುಲಭ ಅಸ್ತ್ರ ಇದ್ದೇ ಇರುತ್ತೆ: ಉದ್ರಿ. ರೊಕ್ಕ ಇಲ್ಲದ ಗಿರಾಕಿಗೂ ಮಾಲು ಕೊಟ್ಟುಬಿಡೋದು. ಮಾರಾಟ ಪುಸ್ತಕದಲ್ಲಿ ಏರುತ್ತೆ, ಗಲ್ಲಾದಲ್ಲಿ ಏರಲ್ಲ.

ನಮ್ಮ ಕಾಕಾ ಹುಮನಾಬಾದಿನಲ್ಲಿ ಪೈಪು-ಪೇಂಟಿನ ಸಣ್ಣ ಅಂಗಡಿ ನಡೆಸ್ತಾರೆ. ಆ ಕಾರ್ಡನ್ನು ಹಿಂದೆ-ಮುಂದೆ ತಿರುಗಿಸಿ ನೋಡಿ ಅವರು ಕೇಳಿದ್ದು ಇಷ್ಟೇ: "ತಮ್ಮಾ, ಇದರಾಗ ಉದ್ರಿ ಬರೀಲಾಕ ಜಾಗಾನೇ ಇಲ್ಲಲ್ಲೋ?"

"ಮಾರಾಟ ಅಂದ್ರ ಅದೂ ಬಂತಲ್ರೀ ಕಾಕಾ" ಅಂದೆ, ಕೆಣಕಲಿಕ್ಕೆ.

"ಮಾರಿದ್ದು ನನ್ನ ಕೈಯಾಗ, ಬರೂದು ಅವರ ಕೈಯಾಗ. ಎರಡೂ ಒಂದೇ ಗೆರಿ ಮ್ಯಾಲ ಹ್ಯಾಂಗ ಬರೀಲಿ?"

ಎಂಬಿಎ ಪುಸ್ತಕದಲ್ಲಿ ಇದಕ್ಕೊಂದು ಇಡೀ ಅಧ್ಯಾಯವೇ ಇರುತ್ತೆ. ನಾನು ಕೂಸಿನ ಲೆಕ್ಕದಲ್ಲಿ ತೋರಿಸ್ತೀನಿ. ಅಂಗಡಿಯವನೊಬ್ಬ ತಿಂಗಳಿಗೆ 4 ಲಕ್ಷ ಮಾರ್ತಾನೆ ಅಂತ ಇಟ್ಟುಕೊಳ್ಳಿ, ನೂರಕ್ಕೆ 10 ರೂಪಾಯಿ ಉಳಿಯುತ್ತೆ, ಅಂದರೆ 40,000. ಗುರಿ 6 ಲಕ್ಷ ಅಂತ ಬರೆದ. ಮೇಲಿನ 2 ಲಕ್ಷವನ್ನು ಉದ್ರಿಯಲ್ಲಿ ಮಾರಿದ. ಪುಸ್ತಕದಲ್ಲಿ ಅದರ ಲಾಭ 20,000. ಆದರೆ ಆ ಮಾಲಿಗೆ ಸೊಲ್ಲಾಪುರದ ಹೋಲ್‌ಸೇಲ್‌ನವನಿಗೆ 1,80,000 ಈಗಲೇ ಕೊಡಬೇಕು. ಇಲ್ಲದ ರೊಕ್ಕ ಎಲ್ಲಿಂದ ತರ್ತಾನೆ? ಕೈಗಡ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 3,600. ಉದ್ರಿ ಒಯ್ದವನು ಸೋಯಾ ಬಂದ ಮೇಲೆ, ಆರು ತಿಂಗಳಿಗೆ ಕೊಟ್ಟ. ಬಡ್ಡಿ 21,600. ಲಾಭ 20,000! ಆರು ತಿಂಗಳು ದುಡಿದು, ಮಾಲು ಹೊತ್ತು, ಮೂಟೆ ಇಳಿಸಿ, 1,600 ರೂಪಾಯಿ ಕೈಯಿಂದ ಹಾಕಿದ. ಬಡ್ಡಿ 3 ರೂಪಾಯಿ ಆದರೆ 12,400 ಹೋಯಿತು. ಉದ್ರಿ ಒಯ್ದವನು ಬರಲೇ ಇಲ್ಲ ಅಂದರೆ ಲೆಕ್ಕ ಮಾಡುವುದೇ ಬೇಡ.

ಜಿಎಸ್‌ಟಿ ಬೇರೆ. 2017ರ ಜುಲೈ 1ರಿಂದ ಇರುವ ಕಾನೂನಿನ ಪ್ರಕಾರ ಮಾಲಿನ ಮೇಲೆ ತೆರಿಗೆ ಬೀಳೋದು ಬಿಲ್ಲು ಹರಿದಾಗ, ರೊಕ್ಕ ಕೈಗೆ ಬಂದಾಗ ಅಲ್ಲ. ಗಿರಾಕಿ ಕೊಡದಿದ್ದರೂ ಅವನ ಪಾಲಿನ ತೆರಿಗೆಯನ್ನು ಅಂಗಡಿಯವನು ತನ್ನ ಜೇಬಿನಿಂದ ಕಟ್ಟಬೇಕು. ಗುರಿ ಮುಟ್ಟಿದ ಖುಷಿಗೆ ಶಿಬಿರದವರು ಶಾಲು ಹೊದಿಸ್ತಾರೆ, ಫೋಟೋ ತೆಗೀತಾರೆ. ಆರು ತಿಂಗಳ ಮೇಲೆ ಅದೇ ಮನುಷ್ಯ ಅಂಗಡಿ ಶಟರ್ ಅರ್ಧ ಎಳೆದುಕೊಂಡು ಒಳಗೆ ಕೂತಿರ್ತಾನೆ. ಆ ಫೋಟೋ ಯಾರೂ ತೆಗೆಯಲ್ಲ.

ದಿನದ ಗುರಿಯೂ ಇದೇ ಜಾತಿ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಮೇಲೆ 1997ರಲ್ಲಿ ಬಂದ ಒಂದು ಅಧ್ಯಯನ ಪ್ರಸಿದ್ಧ. ಬರೆದ ನಾಲ್ವರಲ್ಲಿ ಆಮೇಲೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ಕೂಡ ಒಬ್ಬರು. ದಿನಕ್ಕೆ ಇಷ್ಟು ದುಡಿಯಬೇಕು ಅಂತ ಗುರಿ ಇಟ್ಟುಕೊಂಡವರು ಬಾಡಿಗೆ ಚೆನ್ನಾಗಿದ್ದ ದಿನ ಬೇಗ ಮನೆಗೆ ಹೋಗ್ತಿದ್ದರು, ಬಾಡಿಗೆ ಇಲ್ಲದ ದಿನ ರಾತ್ರಿತನಕ ಕಾಯ್ತಿದ್ದರು ಅಂತ ಅವರ ವಾದ. ಆಮೇಲೆ ಅದನ್ನು ಪ್ರಶ್ನಿಸಿದವರೂ ಇದ್ದಾರೆ, ಇರಲಿ. ಹುಮನಾಬಾದಿನ ಆಟೋ ಸ್ಟ್ಯಾಂಡಿನಲ್ಲಿ ಜಾತ್ರೆಯ ದಿನ ಮಧ್ಯಾಹ್ನವೇ 'ಇವತ್ತಿಂದು ಆಯ್ತು' ಅಂತ ಮನೆಗೆ ಹೋಗುವವರನ್ನು ನೋಡಿದ ನನಗಂತೂ ನಂಬೋದು ಕಷ್ಟವಾಗಲಿಲ್ಲ. ವರ್ಷದಲ್ಲಿ ದುಡಿಯುವ ದಿನ ಅದೊಂದೇ ಮಾರಾಯಾ ಅಂತ ಹೇಳಬೇಕಿದ್ದವನು ಹೇಳಿಕೊಟ್ಟದ್ದು ದಿನದ ಗುರಿ.

ಶಿಬಿರ ಬಸವಕಲ್ಯಾಣದಲ್ಲಿ ನಡೆದರೆ ಇನ್ನೊಂದು ಸ್ಲೈಡು ಖಾಯಂ: ಬಸವಣ್ಣನವರ ಚಿತ್ರ, ಅದರ ಕೆಳಗೆ ಕಾಯಕ-ಕೈಲಾಸದ ಆ ಮಾತು. ಅದಾದ ತಕ್ಷಣ 'ನಿಮ್ಮ ಮುಂದಿನ ಟಾರ್ಗೆಟ್ ಏನು?'. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬರುತ್ತೆ. ಆ ಮಾತನ್ನು ಎಲ್ಲರೂ ಬಸವಣ್ಣನವರ ಹೆಸರಲ್ಲಿ ಬರೀತಾರೆ. ಅದು ಸಿಗೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಯಾರು ಈ ಮಾರಯ್ಯ? ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು, ಹೆಂಡತಿ ಲಕ್ಕಮ್ಮ. ಅವರ ಕಥೆ ಕಲ್ಯಾಣದ ಕಡೆ ಕೂಸಿಗೂ ಗೊತ್ತು. ಒಂದು ದಿನ ಮಾರಯ್ಯ ರೂಢಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಶಹಬ್ಬಾಸ್ ಅನ್ನಲಿಲ್ಲ. ಇಷ್ಟು ಯಾಕೆ ತಂದಿರಿ, ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬನ್ನಿ ಅಂದಳು. ಹೋಗಿ ಸುರಿದು ಬಂದ.

ಅಂಗಡಿಯವರೆಲ್ಲ ಲಾಭವನ್ನು ಬೀದಿಗೆ ಸುರಿಯಬೇಕು ಅಂತ ನಾನು ಹೇಳ್ತಿಲ್ಲ, ಗಾಬರಿಯಾಗಬೇಡಿ :-) ಟಾರ್ಗೆಟ್ ಮೀರಿದವನನ್ನು ಹೆಂಡತಿ ವಾಪಸ್ ಕಳಿಸಿದ ಮನೆಯ ಮಾತನ್ನು ಟಾರ್ಗೆಟ್ ಸ್ಲೈಡಿಗೆ ಅಂಟಿಸಬೇಡಿ ಅಂತ ಮಾತ್ರ ಹೇಳ್ತಿದ್ದೀನಿ. ಅಂಟಿಸಲೇಬೇಕು ಅಂದ್ರೆ ಆ ಕಥೆಯಲ್ಲಿ ಯೋಜನೆ ಯಾರ ಕೈಯಲ್ಲಿತ್ತು ಅನ್ನೋದನ್ನೂ ಹೇಳಿ. ಲಕ್ಕಮ್ಮನ ಕೈಯಲ್ಲಿ. ದಿನಕ್ಕೆ ಎಷ್ಟು ಬೇಕು ಅನ್ನೋ ಅಳತೆ ಆಕೆಗೆ ಗೊತ್ತಿತ್ತು. ಇವತ್ತಿಗೂ ಸಣ್ಣ ಅಂಗಡಿಯ ಗಲ್ಲಾ ಮತ್ತು ಮನೆಯ ಡಬ್ಬಿ ಒಂದೇ. ಮಗಳ ಫೀಜು, ಅತ್ತೆಯ ಗುಳಿಗೆ, ಭಾವನ ಮದುವೆಗೆ ಮುಯ್ಯಿ, ಎಲ್ಲವೂ ಅದೇ ಗಲ್ಲಾದಿಂದ. ತಿಂಗಳಿಗೆ ಅದರಿಂದ ಮನೆಗೆ ಎಷ್ಟು ಹೋಗುತ್ತೆ ಅಂತ ಅಂಗಡಿ ಯಜಮಾನನನ್ನು ಕೇಳಿ, ಹೇಳಲಾರ. ಮನೆಯಾಕೆಯನ್ನು ಕೇಳಿ, ಹತ್ತು ರೂಪಾಯಿ ಹೆಚ್ಚು-ಕಮ್ಮಿ ಇಲ್ಲದ ಹಾಗೆ ಹೇಳ್ತಾರೆ. ನಾನು ಕಂಡ ಶಿಬಿರಗಳಲ್ಲಿ ಇನ್ನೂರು ಖುರ್ಚಿ ಇದ್ದರೆ ಹೆಂಗಸರು ಹತ್ತು ಜನ ಇರಲ್ಲ.

ಶಿಬಿರದವರನ್ನಷ್ಟೇ ಬೈದರೆ ಪಕ್ಷಪಾತ ಆದೀತು. ಬ್ಯಾಂಕಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ 'ಪ್ರಾಜೆಕ್ಟ್ ರಿಪೋರ್ಟ್' ಮಾಡಿಕೊಡುವ ದಂಧೆಯೂ ಇದೇ ನಾಟಕದ ಇನ್ನೊಂದು ಅಂಕ. 2015ರ ಏಪ್ರಿಲ್‌ನಲ್ಲಿ ಮುದ್ರಾ ಯೋಜನೆ ಬಂದಾಗಿನಿಂದ ಸಣ್ಣವರಿಗೆ ಸಾಲ ಸಿಗೋದು ಮೊದಲಿಗಿಂತ ಸಲೀಸಾಯಿತು, ಅದು ಒಳ್ಳೆಯ ಕೆಲಸವೇ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಆದರೆ ಆ ಫೈಲಿನಲ್ಲಿರುವ ಐದು ವರ್ಷದ ಅಂದಾಜನ್ನು ತೆಗೆದು ನೋಡಿ. ಬ್ಯೂಟಿ ಪಾರ್ಲರಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ: ವರ್ಷ ವರ್ಷಕ್ಕೂ ಅಚ್ಚುಕಟ್ಟಾಗಿ ಏರುವ ಅಂಕಿ. ಹೆಸರು, ವಿಳಾಸ ಬದಲಿಸಿ ಪ್ರಿಂಟ್ ತೆಗೆದದ್ದು. ಬರೆದವನು ನಂಬಲ್ಲ, ಸಹಿ ಹಾಕಿದವನು ಓದಲ್ಲ, ಮ್ಯಾನೇಜರ್ ಸಾಹೇಬರಿಗೆ ಎಲ್ಲಾ ಗೊತ್ತು. ಕಂತು ಮಾತ್ರ ನಿಜ. ಅದು ಜುಲೈಯಲ್ಲೂ ಬರುತ್ತೆ, ನವೆಂಬರಿನಲ್ಲೂ ಬರುತ್ತೆ, ಹೊಲ ಬೆಳೆಯಲಿ ಬಿಡಲಿ. ಜುಲೈ ಕಂತಿಗೆ ಕೈಗಡ, ಕೈಗಡ ತೀರಿಸಲು ವಾರದ ಸಂಘದ ಸಾಲ, ಅದರ ಮೇಲೆ ಮತ್ತೊಂದು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುವ, ಜೀವ ಕಳೆದುಕೊಳ್ಳುವ ಸುದ್ದಿಗಳು ಸಾಲಾಗಿ ಬಂದು, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅವರಲ್ಲಿ ಎಷ್ಟೋ ಜನ ಸಣ್ಣ ದಂಧೆಗೆ ಅಂತಲೇ ಸಾಲ ಎತ್ತಿದವರು.

ಇನ್ನು ನಮ್ಮವರು. 'ಲೆಕ್ಕ ಎಲ್ಲಾ ತಲಿಯಾಗ ಅದ' ಅನ್ನುವ ಜಂಬ ಇದೆಯಲ್ಲ, ಅದಕ್ಕೂ ಎರಡು ಬಾರಿಸಬೇಕು. 2025ರ ಜುಲೈಯಲ್ಲಿ ಏನಾಯಿತು ನೆನಪಿದೆಯಾ? ಯುಪಿಐಯಲ್ಲಿ ಬಂದ ಹಣದ ಮಾಹಿತಿ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಮಾಲು ಮಾರುವವರಿಗೂ ಬಂತು. ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಹರಿದುಹಾಕಿ 'ನಗದು ಮಾತ್ರ' ಅಂತ ಬೋರ್ಡು ಹಾಕಿದರು, ಬಂದ್ ಅಂದರು, ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಕೊಳ್ಳಿ ಅಂದರು. ಇಲಾಖೆಯ ನಡೆ ಒರಟು, ಸಂಶಯವಿಲ್ಲ. ಆದರೆ ಮಾಲಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನೋ ನಿಯಮ ಹೊಸದೇನಲ್ಲ. ತಾನು ಅದರ ಈಚೆ ಇದ್ದೀನೋ ಆಚೆ ಇದ್ದೀನೋ ಅಂತ ಅಂಗಡಿಯವನಿಗೆ ಗೊತ್ತಿರದೆ ಫೋನ್‌ಪೇ ಕಂಪನಿಗೆ ಗೊತ್ತಿತ್ತು ಅಂದ್ರೆ ಏನರ್ಥ? ಮಗ ಕಳಿಸಿದ ರೊಕ್ಕ, ಗೆಳೆಯನ ಕೈಗಡ, ಗಿರಾಕಿಯ ರೊಕ್ಕ ಎಲ್ಲವೂ ಒಂದೇ ಖಾತೆಗೆ. ಬೇರ್ಪಡಿಸಿ ತೋರಿಸು ಅಂದರೆ ತಲೆಯಲ್ಲಿರುವ ಲೆಕ್ಕ ನೋಟಿಸಿಗೆ ಉತ್ತರವಾಗಲ್ಲ.

ಹಾಗಾದರೆ ಕಾರ್ಡಿನಲ್ಲಿ ಏನು ಬರೀಬೇಕಿತ್ತು?

ಅಮೆರಿಕಾದಲ್ಲಿರುವ ನಮ್ಮ ದೇಶದ ಮೂಲದ ಪ್ರಾಧ್ಯಾಪಕಿ ಸರಸ್ ಸರಸ್ವತಿ ಅಂತ ಇದ್ದಾರೆ. ಸ್ವಂತ ಉದ್ಯಮ ಕಟ್ಟಿ ನುರಿತ 27 ಜನರನ್ನು ಕೂರಿಸಿಕೊಂಡು, ನೀವು ಹೇಗೆ ತೀರ್ಮಾನ ತಗೊಳ್ತೀರಿ ಅಂತ ಅಧ್ಯಯನ ಮಾಡಿದರು. 2001ರಲ್ಲಿ ಅದು ಪ್ರಕಟವಾಯಿತು. ಸಿಕ್ಕಿದ್ದು ಶಿಬಿರದ ಪಾಠಕ್ಕೆ ತದ್ವಿರುದ್ಧ. ಆ ಜನ ದೂರದ ಗುರಿ ನೆಟ್ಟು ಅದರ ಕಡೆ ಓಡಿದವರಲ್ಲ. ತನ್ನ ಕೈಯಲ್ಲಿ ಏನಿದೆ, ತನಗೆ ಯಾರು ಗೊತ್ತು ಅನ್ನೋದರಿಂದ ಶುರು ಮಾಡಿದವರು. ಎಷ್ಟು ಲಾಭ ಬರುತ್ತೆ ಅನ್ನೋದಕ್ಕಿಂತ ಮೊದಲು ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಅಂತ ಕೇಳಿಕೊಂಡವರು. ಹುಮನಾಬಾದಿನ ಹಳೆಯ ಸಾವಕಾರ್ರಿಗೆ ಇದನ್ನು ಹೇಳಿದರೆ 'ಇದಕ್ಕ ಅಮೆರಿಕಾಕ್ಕ ಯಾಕ ಹೋಗಬೇಕಿತ್ತು' ಅಂದಾರು.

ಆ ಪ್ರಶ್ನೆಯನ್ನು ಉದ್ರಿಗೆ ಹಾಕಿ ನೋಡಿ. ನನ್ನ ಒಟ್ಟು ಉದ್ರಿ ಎಷ್ಟರ ಮೇಲೆ ಹೋಗಬಾರದು? ಪೂರಾ ಮುಳುಗಿದರೂ ಮನೆಯ ಬಂಗಾರ ಮುಟ್ಟದೆ ಅಂಗಡಿ ನಡೆಯುವಷ್ಟು. ಆ ಅಂಕಿ ಬರೆದು ಗಲ್ಲಾದ ಮೇಲೆ ಅಂಟಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಉದ್ರಿ ಪುಸ್ತಕದಲ್ಲಿ ಹೆಸರು, ಮೊತ್ತದ ಜೊತೆಗೆ ಒಂದು ಖಾನೆ ಹೆಚ್ಚು ಹಾಕಲಿ: ಈ ರೊಕ್ಕ ಯಾವ ಬೆಳೆಯದು? ಹೆಸರಿನದಾ, ಸೋಯಾದ್ದಾ, ಕಬ್ಬಿನದಾ, ಸಂಬಳದ್ದಾ? ಕಾಕಾ ಇದನ್ನು ಬಹಳ ವರ್ಷದಿಂದ ಮಾಡ್ತಾರೆ, ಹೆಸರಿನ ಮುಂದೆ 'ಸೋ', 'ತೊ', 'ಕ' ಅಂತ ಒಂದೊಂದೇ ಅಕ್ಷರ. ಅಕ್ಟೋಬರಿನಲ್ಲಿ ಮಳೆ ಹೊಡೆದರೆ 'ಸೋ' ಅಂತಿರುವ ಹೆಸರುಗಳನ್ನೆಲ್ಲ ಒಟ್ಟು ಕೂಡಿಸಿ, ಅಷ್ಟು ಮಾಲಿನ ಆರ್ಡರನ್ನು ಅವತ್ತೇ ಕಮ್ಮಿ ಮಾಡ್ತಾರೆ. ಯಾವ ಸಾಫ್ಟ್‌ವೇರಿನಲ್ಲಿ ಇದಿದೆ ಹೇಳಿ.

ವರ್ಷ ಎಲ್ಲಿಗೆ ಮುಗಿಸಬೇಕು ಅನ್ನೋದೂ ಮುಖ್ಯ. ದೀಪಾವಳಿಗೆ ಪುಸ್ತಕ ಪೂಜೆ ಮಾಡಿ ಹೊಸ ಖಾತೆ ತೆರೆಯುವುದನ್ನು ಬರೀ ಭಕ್ತಿ ಅಂದುಕೊಂಡವರು ಬಹಳ. 1989ರಲ್ಲಿ ಆದಾಯ ತೆರಿಗೆಗೆ ಎಲ್ಲರಿಗೂ ಮಾರ್ಚ್ 31 ಅಂತ ಕಡ್ಡಾಯ ಆಗುವ ತನಕ ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಕೊಡಲು ಅವಕಾಶವಿತ್ತು. ನಮ್ಮ ಕಡೆ ಅದಕ್ಕೆ ಅರ್ಥವೂ ಇತ್ತು: ಮುಂಗಾರಿನ ರೊಕ್ಕ ಬಂದಾಗ ಹಳೆಯ ಉದ್ರಿ ಎಷ್ಟು ತೀರಿತು ಅಂತ ಕಾಣಿಸುವ ದಿನ ಅದೇ. ಸರ್ಕಾರಕ್ಕೆ ಮಾರ್ಚಿನ ಲೆಕ್ಕ ಕೊಡಿ, ನಿಮಗೋಸ್ಕರ ದೀಪಾವಳಿಯ ಲೆಕ್ಕ ಇಟ್ಟುಕೊಳ್ಳಿ.

ಉಳಿತಾಯದ ಯೋಜನೆ ಬೇಕಾ? ಅದು ನಮ್ಮ ರಾಜ್ಯದಲ್ಲೇ ಹುಟ್ಟಿದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಜೊತೆಗಾರರು ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ, ಏಜೆಂಟನೇ ಅಂಗಡಿ ಬಾಗಿಲಿಗೆ ಬಂದು ಒಯ್ಯೋದು. ಆ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಅನ್ನೋ ಮಾತು ನಮ್ಮ ಬಜಾರಿನಲ್ಲಿ ಉಳಿದಿದೆ. ಅದರ ಜಾಣತನ ನೋಡಿ. ಅದು ಕೇಳೋದು ನಿನ್ನೆ ಗಲ್ಲಾದಲ್ಲಿ ನಿಜವಾಗಿ ಬಂದದ್ದರಲ್ಲಿ ಒಂದು ಪಾಲು. ದೀಪಾವಳಿಯಿಂದ ಮೇತನಕ ಹೆಚ್ಚು ಹಾಕಿ, ಜೂನ್-ಜುಲೈ ಕಂತಿಗೆ ಅದನ್ನೇ ಮುರಿದುಕೊಂಡರೆ ಕೈಗಡದ ಬಾಗಿಲು ಬಡಿಯೋದು ತಪ್ಪುತ್ತೆ. (ಏಜೆಂಟ್ ಮತ್ತು ಸೊಸೈಟಿ ಎಂಥವು ಅಂತ ನೋಡಿಕೊಳ್ಳಿ ಮಾತ್ರ. ಮುಳುಗಿದ ಸೊಸೈಟಿಗಳ ಕಥೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ.)

ನೀವು ಕೆಲವರು ಕೇಳ್ತೀರಿ, ಗೊತ್ತು: 'ಏನ್ರೀ, ನಮ್ಮ ಭಾಗ ಹಿಂದುಳಿದದ್ದೇ ಹೀಗೆ ಯೋಚಿಸಿ. ಸಣ್ಣವರು ಸಣ್ಣವರಾಗೇ ಇರಬೇಕಾ? ದೊಡ್ಡ ಕನಸು ಕಾಣಬಾರದಾ?' ಕಾಣಲಿ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ದಿನದಿಂದ ಲಾಡ್ಜು, ಹೋಟೆಲು, ಟ್ಯಾಕ್ಸಿ ಅಂತ ಕನಸು ಕಂಡವರು ಬಹಳ ಜನ. ತಪ್ಪೇನಿಲ್ಲ. ಆದರೆ ಕಟ್ಟಡ ಏಳುವ ವೇಗ ಅವರ ಕೈಯಲ್ಲಿಲ್ಲ. ಅದು ತಡವಾದರೆ ತಡೆದುಕೊಳ್ಳುವಷ್ಟು ಇಟ್ಟುಕೊಂಡು ಎರಡು ಕೋಣೆ ಕಟ್ಟಿದವನು ಉಳೀತಾನೆ. ಪ್ರಾಜೆಕ್ಟ್ ರಿಪೋರ್ಟ್ ನಂಬಿ ಸಾಲದಲ್ಲಿ ಇಪ್ಪತ್ತು ಕೋಣೆ ಕಟ್ಟಿದವನು ಸಾಲದ ಕಂತಿಗೆ ಎಂಟು ಕೋಣೆ ಮಾರ್ತಾನೆ. ಬೆಳೆದ ಅಂಗಡಿಗಳು ನಮ್ಮಲ್ಲೂ ಇವೆ. ಹೋಗಿ ಕೇಳಿ ನೋಡಿ, ಉಳಿದದ್ದನ್ನು ಹಾಕಿ ಬೆಳೆದವರೇ ಹೆಚ್ಚು ಸಿಗ್ತಾರೆ.

ಕಬ್ಬಿನ ಮಾತು ಉಳಿಯಿತಲ್ಲ. ಉದ್ರಿ ಅನ್ನೋದು ಅಂಗಡಿಯಲ್ಲಿ ಹುಟ್ಟಲ್ಲ, ಅದೊಂದು ಸರಪಳಿ. ಅಂಗಡಿಯವನಿಗೆ ರೈತ ಕೊಡಬೇಕು, ರೈತನಿಗೆ ಕಾರ್ಖಾನೆ ಕೊಡಬೇಕು. ಬಿಲ್ಲು ಬಾಕಿಗಾಗಿ ರೈತರು ಧರಣಿ ಕೂರೋದು ನಮ್ಮ ಜಿಲ್ಲೆಗೂ, ರಾಜ್ಯಕ್ಕೂ ಹೊಸ ಸುದ್ದಿಯಲ್ಲ. ಕೊಳ್ಳುವವನು 45 ದಿನದೊಳಗೆ ಸಣ್ಣ ಉದ್ಯಮಕ್ಕೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಇದೆ, ಆದರೆ ಅದರ ಆಸರೆ ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ. ವೆಲ್ಡಿಂಗ್ ಅಂಗಡಿಗೆ ಸಿಕ್ಕೀತು, ಕಿರಾಣಿಗೆ ಸಿಗಲ್ಲ. ಕಬ್ಬಿನದು ಅದಕ್ಕಿಂತ ಹಳೆಯದು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಸ್ಪಷ್ಟವಾಗಿದೆ: ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ, ತಪ್ಪಿದರೆ ವರ್ಷಕ್ಕೆ ಶೇಕಡಾ 15 ಬಡ್ಡಿ.

ನಿರ್ದಿಷ್ಟವಾಗಿದೆ, ಅಳೆಯಬಹುದು, ಗಡುವೂ ಇದೆ. ಕೋಟಿನವರು ಆ ಮೈಕು, ಆ ಬಾವುಟದ ಚಿತ್ರ ಎತ್ತಿಕೊಂಡು ಮೊದಲು ಕಾರ್ಖಾನೆಗಳ ಆಡಳಿತ ಮಂಡಳಿಗೆ ಈ ಒಂದು ಗುರಿಯ ಪಾಠ ಮಾಡಿ ಬರಲಿ. ಆಮೇಲೆ ಕಾಕಾನ ಅಂಗಡಿಗೆ ಬಂದರೆ ಚಹಾ ನಾನೇ ತರಿಸ್ತೀನಿ.